ಪ್ರಧಾನ ಸಂಪಾದಕರಿಗೆ ಅಡಿಕೆ ತೋಟದಿಂದ ಒಂದು ಪತ್ರ

ಗೆ,
ಮಾನ್ಯ ಪ್ರಧಾನ ಸಂಪಾದಕರು,
ಎಂಜಿನಿಯರಿಂಗ್, ಕಂಪ್ಯೂಟಿಂಗ್, ಶಿಕ್ಷಣ ಮತ್ತು ಮಾನವ ಕಾರ್ಯಕ್ಷಮತೆಯ ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆ.
(ಊರು, ಬೀದಿ ತಾವು ತಿಳಿಸಿಲ್ಲ, ಆದ್ದರಿಂದ ನಾನೂ ಬರೆದಿಲ್ಲ.)

ಮಾನ್ಯರೇ,

ಕೊಪ್ಪ ತಾಲ್ಲೂಕಿನ ಸಣ್ಣ ಅಡಿಕೆ ಬೆಳೆಗಾರನೂ ನಿವೃತ್ತ ಕಾಲೇಜು ಮೇಷ್ಟ್ರೂ ಆದ ನನ್ನ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಮಾತ್ರ ಹೊಳವಾಗುತ್ತಿಲ್ಲ.

ತಮ್ಮ ಆಹ್ವಾನ ತಲುಪಿತು. ನನ್ನನ್ನು ‘ಜಗದ್ವಿಖ್ಯಾತ ವಿದ್ವಾಂಸರೇ’ ಎಂದು ಕರೆದಿದ್ದೀರಿ. ನನ್ನ ಸಂಶೋಧನೆಯನ್ನು ಓದಿ ತಮ್ಮ ಮಂಡಳಿ ಬೆರಗಾಗಿದೆಯಂತೆ. ಯಾವ ಸಂಶೋಧನೆ ಎಂದು ಬರೆದಿಲ್ಲ, ಬೆರಗಿನಲ್ಲಿ ಮರೆತಿರಬೇಕು. ಲೇಖನ ಕಳಿಸಿದರೆ 48 ಗಂಟೆಯೊಳಗೆ ತಜ್ಞರಿಂದ ಪರಾಮರ್ಶೆ ಮಾಡಿಸಿ ಒಪ್ಪಿಗೆ ಕೊಡುತ್ತೀರಂತೆ. ಒಟ್ಟಿಗೆ ಮೂರು ಕಳಿಸಿದರೆ ರಿಯಾಯಿತಿಯಂತೆ. ಇದನ್ನು ಗಟ್ಟಿಯಾಗಿ ಓದಿ ಮನೆಯವಳಿಗೆ ಕೇಳಿಸಿದೆ. ಒಲೆ ಮುಂದಿನಿಂದ ಏಳದೆಯೇ ಅವಳು, “ದುಡ್ಡು ಎಷ್ಟು ಕೇಳಿದಾರೆ?” ಎಂದಳು. ಪತ್ರದ ಕೊನೆಯ ಸಾಲನ್ನು ನಾನಿನ್ನೂ ಓದಿರಲಿಲ್ಲ.

ತಮ್ಮ ಪತ್ರಿಕೆಯ ವಿಷಯವ್ಯಾಪ್ತಿ ನೋಡಿ ಮೊದಲು ಗಾಬರಿಯಾಯಿತು. ಕೊಪ್ಪದ ಸಂತೆಯಲ್ಲೂ ಒಣಮೀನು ಒಂದು ಕಡೆ, ಬಟ್ಟೆ ಇನ್ನೊಂದು ಕಡೆ ಇಟ್ಟಿರುತ್ತಾರೆ. ಆಮೇಲೆ ತೋಟಕ್ಕೆ ಹೋಗಿ ನಿಂತು ಯೋಚಿಸಿದೆ. ತಾವು ಹೇಳುವ ನಾಲ್ಕು ವಿಷಯವೂ ಕೂಡುವ ಜಾಗ ಒಂದಿದೆ. ಅದು ಅಡಿಕೆ ಮರದ ತುದಿ.

ಅಡಿಕೆ ಕೊಯ್ಯುವ ನಮ್ಮ ಕೊನೆಗಾರನನ್ನೇ ನೋಡಿ. ಕಾಲಿಗೆ ತಳೆ ಹಾಕಿಕೊಂಡು ಐವತ್ತು ಅರವತ್ತು ಅಡಿ ಹತ್ತುತ್ತಾನೆ. ಒಂದು ಮರದ ಗೊನೆ ತೆಗೆದ ಮೇಲೆ ಕೆಳಗಿಳಿಯುವುದಿಲ್ಲ, ಮರವನ್ನೇ ಓಲಾಡಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಎಷ್ಟು ಬಾಗಿಸಿದರೆ ಮರ ಮುರಿಯುವುದಿಲ್ಲ, ಅಲೆ ಅಲೆಯಾಗಿ ಗಾಳಿ ಬರುವಾಗ ಯಾವ ಕ್ಷಣಕ್ಕೆ ಕೈ ಚಾಚಬೇಕು, ಒದ್ದೆ ಮರದಲ್ಲಿ ಹೆಜ್ಜೆ ಹೇಗಿಡಬೇಕು ಎಂಬ ಲೆಕ್ಕವೆಲ್ಲ ಅವನ ಮೈಯಲ್ಲಿದೆ. ಅದನ್ನು ಅವನು ಕಲಿತದ್ದು ಅಪ್ಪನನ್ನು ನೋಡಿ. ಅವನ ಮಗ ಕಲಿಯುವುದಿಲ್ಲ, ಬೆಂಗಳೂರಿನಲ್ಲಿದ್ದಾನೆ. ಎಂಜಿನಿಯರಿಂಗೂ ಶಿಕ್ಷಣವೂ ಮಾನವ ಕಾರ್ಯಕ್ಷಮತೆಯೂ ಇದರಲ್ಲೇ ಬಂದವಲ್ಲವೇ? ಕಂಪ್ಯೂಟಿಂಗ್ ಬೇಕೇ ಬೇಕೆಂದರೆ 2020ರ ಕೊರೊನಾ ಕಾಲಕ್ಕೆ ಬನ್ನಿ. ಆನ್‌ಲೈನ್ ಪಾಠಕ್ಕೆ ಸಿಗ್ನಲ್ ಹುಡುಕಿಕೊಂಡು ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದರು. ತಮ್ಮ ಪತ್ರಿಕೆಯ ಶೀರ್ಷಿಕೆಯನ್ನು ಅಷ್ಟು ಅಕ್ಷರಶಃ ಬದುಕಿದವರು ಬೇರೆ ಸಿಗಲಿಕ್ಕಿಲ್ಲ.

ಈಗ ಕೊನೆಗಾರರು ಕಡಿಮೆಯಾಗಿ ಫೈಬರ್ ದೋಟಿ ಬಂದಿದೆ. ನೆಲದ ಮೇಲೇ ನಿಂತು ಅಷ್ಟೆತ್ತರದ ಗೊನೆಗೆ ಔಷಧಿ ಹೊಡೆಯಬಹುದು, ಕೊಯ್ಲೂ ಮಾಡಬಹುದು. ಬಂಟ್ವಾಳದ ಕಡೆಯ ಕೃಷಿಕರೊಬ್ಬರು ಮರ ಹತ್ತುವ ಮೋಟಾರು ಬೈಕನ್ನೇ ಮಾಡಿದರು, ದೇಶವೆಲ್ಲ ನೋಡಿತು. ದೋಟಿ ಹಿಡಿದವನು ಬೆಳಗಿನಿಂದ ಸಂಜೆಯವರೆಗೆ ಕತ್ತೆತ್ತಿ ನಿಲ್ಲಬೇಕು. ಬೀಳುವ ಭಯ ಹೋಯಿತು, ಕತ್ತುನೋವು ಬಂತು. ಯಾವುದು ಎಷ್ಟು, ಯಾವ ವಯಸ್ಸಿನವನಿಗೆ ಎಷ್ಟು ಹೊತ್ತು ಎಂದು ಅಳೆಯಲು ಒಂದು ತೋಟ, ಹತ್ತಾರು ಜನ, ಒಂದು ಹಂಗಾಮು ಸಾಕು. ಆದರೆ ಅದಕ್ಕೆ 48 ಗಂಟೆ ಸಾಲದು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ನಮ್ಮ ಮೂರು ತಾಲ್ಲೂಕುಗಳಲ್ಲಿ ಸಂಶೋಧನೆ ಎಂದರೆ ನಿಧಾನದ ಕೆಲಸ. ಲೆಸ್ಲಿ ಕೋಲ್ಮನ್ ಎಂಬ ಕೆನಡಾದವರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದರು. ಆಗ ಮಳೆಗಾಲದಲ್ಲಿ ಕೊಳೆರೋಗ ಬಂತೆಂದರೆ ಎಳೆ ಅಡಿಕೆ ಕೊಳೆತು ಬುಡದಲ್ಲಿ ರಾಶಿ ಬೀಳುತ್ತಿತ್ತು. ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಮಾಡುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ. ಕೋಲ್ಮನ್ನರು ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಹುಟ್ಟಿದ್ದ ಬೋರ್ಡೋ ದ್ರಾವಣವನ್ನು ನಮ್ಮ ಮರಗಳಿಗೆ ತಂದರು. ಬೋರ್ಡೋದ ಮಳೆಯೇ ಬೇರೆ, ನಮ್ಮದೇ ಬೇರೆ. ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಹೊಡೆದ ಔಷಧಿ ಮರುದಿನಕ್ಕೇ ತೊಳೆದುಹೋದರೆ ಏನು ಬಂತು? ಅದಕ್ಕೆ ರಾಳ ಮತ್ತು ಸೋಡಾ ಸೇರಿಸಿ ಕಾಯಿಗೆ ಅಂಟಿಕೊಳ್ಳುವಂತೆ ಮಾಡಿದರು. 1910ರಲ್ಲಿ ಕೊಳೆರೋಗದ ಮೇಲೆ ಅವರ ಪುಸ್ತಿಕೆಯನ್ನು ಮೈಸೂರು ಕೃಷಿ ಇಲಾಖೆ ಅಚ್ಚುಹಾಕಿತು. ಹಿಂದಿನ ಸಂಶೋಧನೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಪ್ರಭಾವದ ಅಂಕ, ಎಷ್ಟೆಂದು ತಮ್ಮ ಅರ್ಜಿ ನಮೂನೆಯಲ್ಲಿ ಕೇಳಿದ್ದೀರಿ. ಆ ಪುಸ್ತಿಕೆ ಬಂದು ನೂರು ವರ್ಷ ದಾಟಿದ ಮೇಲೂ ಮುಂಗಾರಿಗೆ ಮುಂಚೆ ಇಲ್ಲಿ ಪ್ರತಿ ತೋಟದಲ್ಲೂ ಬೋರ್ಡೋ ದ್ರಾವಣಕ್ಕೆಂದು ಡ್ರಮ್ಮಿಗೆ ಮೈಲುತುತ್ತ, ಸುಣ್ಣ ಬೀಳುತ್ತದೆ. ಅದನ್ನು ಯಾವ ಕಾಲಮ್ಮಿನಲ್ಲಿ ತುಂಬಬೇಕೋ ತಿಳಿಯಲಿಲ್ಲ, ಖಾಲಿ ಬಿಟ್ಟಿದ್ದೇನೆ.

ಕಾಫಿಯದೂ ಇದೇ ಕಥೆ. ಎಲೆರೋಗದ ಅಧ್ಯಯನಕ್ಕೆಂದು 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಘಟಕ ಶುರುವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರವಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಎಸ್-795 ಎಂಬ ಅರೇಬಿಕಾ ತಳಿ ಅಲ್ಲಿಂದ ಬೆಳೆಗಾರರ ಕೈಗೆ ಬಂದದ್ದು 1940ರ ದಶಕದ ನಡುವಿನಲ್ಲಿ. ಸುಮಾರು ಇಪ್ಪತ್ತು ವರ್ಷ! ತಾವಾಗಿದ್ದರೆ ಎರಡು ದಿನದಲ್ಲಿ ಮುಗಿಸಿ, ಮೂರನೇ ದಿನ ಪ್ರಮಾಣಪತ್ರ ಕಳಿಸುತ್ತಿದ್ದಿರಿ. ಗಿಡ ಮಾತ್ರ ಚಿಗುರುತ್ತಿರಲಿಲ್ಲ.

ಇನ್ನು ಪರಾಮರ್ಶೆಯ ವಿಚಾರ. ಪೀರ್ ರಿವ್ಯೂ ಎಂಬುದು ಪಶ್ಚಿಮದಿಂದ ಬಂದ ಹೊಸ ಪದ್ಧತಿ, ನಮ್ಮಂಥವರು ಹಂತ ಹಂತವಾಗಿ ಕಲಿಯುತ್ತೇವೆ ಎಂದು ತಾವು ಧೈರ್ಯ ತುಂಬಿದ್ದೀರಿ. ಧನ್ಯವಾದ. ನಮ್ಮ ಪಕ್ಕದ ಶೃಂಗೇರಿ ಮಠದಲ್ಲಿ ಭಾದ್ರಪದದ ಚೌತಿಗೆ ಶುರುವಾಗಿ ಮಹಾಗಣಪತಿ ವಾಕ್ಯಾರ್ಥ ಸಭೆ ನಡೆಯುತ್ತದೆ. ಒಬ್ಬ ವಿದ್ವಾಂಸ ಶಾಸ್ತ್ರದ ಒಂದು ವಿಷಯವನ್ನು ವಿವರಿಸಿ ವಾಕ್ಯಾರ್ಥ ಹೇಳುತ್ತಾನೆ. ಎದುರಿಗೆ ಕೂತವರು ಅದೇ ಶಾಸ್ತ್ರದಲ್ಲಿ ತಲೆ ನರೆಸಿಕೊಂಡವರು. ಅವರು ಪೂರ್ವಪಕ್ಷ, ಅಂದರೆ ಆಕ್ಷೇಪ, ಎತ್ತಿದ ಕೂಡಲೇ ಅಲ್ಲೇ, ಅದೇ ಕ್ಷಣ, ಹೆಸರು ಮುಖ ಎಲ್ಲ ಕಾಣುವಂತೆ ಉತ್ತರ ಕೊಡಬೇಕು. ‘ನಿಮ್ಮ ಅಮೂಲ್ಯ ಸಲಹೆಗಳನ್ನು ಅಳವಡಿಸಿಕೊಂಡಿದ್ದೇವೆ’ ಎಂದು ಬರೆದು ತಪ್ಪಿಸಿಕೊಳ್ಳಲು ಅಲ್ಲಿ ದಾರಿಯಿಲ್ಲ.

ಮಠದ ಪರಂಪರೆಯ ಕಥೆಯೂ ತಮಗೆ ಉಪಯೋಗಕ್ಕೆ ಬಂದೀತು. ಶಂಕರರಿಗೂ ಮಂಡನಮಿಶ್ರರಿಗೂ ವಾದ. ತೀರ್ಪು ಕೊಡಬೇಕಾದವಳು ಮಂಡನರ ಹೆಂಡತಿ ಭಾರತಿ. ಇಬ್ಬರ ಕೊರಳಿಗೂ ಹಾರ ಹಾಕಿ, ಯಾರದು ಬಾಡುತ್ತದೋ ಅವರು ಸೋತಂತೆ ಎಂದಳು. ಗಂಡನ ಹಾರ ಬಾಡಿತು, ಹಾಗೆಂದೇ ಹೇಳಿದಳು. ಆಮೇಲೆ ತಾನೇ ವಾದಕ್ಕೆ ಕೂತಳು, ಅದು ಬೇರೆ ಕಥೆ. ಸೋತ ಮಂಡನರೇ ಸುರೇಶ್ವರಾಚಾರ್ಯರಾಗಿ ಶೃಂಗೇರಿ ಪೀಠಕ್ಕೆ ಬಂದರೆನ್ನುತ್ತದೆ ಪರಂಪರೆ. ತಮ್ಮ ಮಂಡಳಿಯಲ್ಲಿ ಇಂಥ ಒಬ್ಬ ಪರಾಮರ್ಶಕಿ ಇದ್ದಿದ್ದರೆ ಪತ್ರಿಕೆ ಮೊದಲ ಸಂಚಿಕೆಗೇ ನಿಲ್ಲುತ್ತಿತ್ತು.

ಶಾಸ್ತ್ರ ದೂರದ ಮಾತಾಯಿತೆಂದರೆ ಬೋರ್ಡೋ ಡ್ರಮ್ಮಿನ ಬಳಿಗೇ ಬನ್ನಿ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಸುಣ್ಣ ಹಳತಾಗಿದ್ದರೆ ಹದ ಕೆಡುತ್ತದೆ. ಅದಕ್ಕೇ ಹೊಡೆಯುವ ಮೊದಲು ಕಬ್ಬಿಣದ ಕತ್ತಿಯನ್ನು ಅದ್ದಿ ಹಿಡಿಯುತ್ತೇವೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಆ ದ್ರಾವಣ ಹೊಡೆದರೆ ಗೊನೆ ಸುಡುತ್ತದೆ. ಕೆಲವೇ ನಿಮಿಷದ ಪರೀಕ್ಷೆ. ಹಾಗಾಗಿ ಬೇಗ ಪರಾಮರ್ಶೆ ಮಾಡುವುದರ ಬಗ್ಗೆ ನನಗೆ ತಕರಾರಿಲ್ಲ. ಕತ್ತಿ ಅದ್ದಿದ್ದೀರೋ ಇಲ್ಲವೋ ಎಂಬುದಷ್ಟೇ ನನ್ನ ಪ್ರಶ್ನೆ.

ತಮ್ಮ ಬಳಗದವರು ಅದ್ದಿಲ್ಲ ಎನ್ನಲು ಪುರಾವೆ ಬೇಕಾದಷ್ಟಿದೆ. 2005ರಲ್ಲಿ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು ಕಂಪ್ಯೂಟರ್ ವಿಜ್ಞಾನದ ಅರ್ಥಹೀನ ಲೇಖನಗಳನ್ನು ತಾನೇ ಹೊಸೆಯುವ ಸೈಜೆನ್ ಎಂಬ ಪ್ರೋಗ್ರಾಂ ಬರೆದರು. ಅದು ಹೊಸೆದದ್ದನ್ನು ಒಂದು ಸಮ್ಮೇಳನ ಒಪ್ಪಿಕೊಂಡಿತು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು ಬೇಕೆಂದೇ ತಪ್ಪು ತುಂಬಿದ ಕ್ಯಾನ್ಸರ್ ಔಷಧಿ ಲೇಖನವನ್ನು 304 ಪತ್ರಿಕೆಗಳಿಗೆ ಕಳಿಸಿದರು. 157 ಪತ್ರಿಕೆಗಳು ಸ್ವೀಕರಿಸಿದವು. ನನಗೆ ಅಚ್ಚುಮೆಚ್ಚಿನದು 2014ರದು. ಇಂಥ ಆಹ್ವಾನಗಳಿಂದ ರೋಸಿಹೋದ ಆಸ್ಟ್ರೇಲಿಯಾದ ಒಬ್ಬ ಪ್ರಾಧ್ಯಾಪಕರು, ‘ನಿಮ್ಮ ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ’ ಎಂಬ ಅರ್ಥದ ಒಂದೇ ವಾಕ್ಯವನ್ನು ಒಂದು ಬೈಗುಳ ಸಹಿತ ಪುಟಗಟ್ಟಲೆ ಮತ್ತೆ ಮತ್ತೆ ಬರೆದಿದ್ದ ಹಳೆಯ ಲೇಖನವೊಂದನ್ನು ಕಂಪ್ಯೂಟರ್ ಪತ್ರಿಕೆಯೊಂದಕ್ಕೆ ರವಾನಿಸಿದರು. ಪರಾಮರ್ಶಕರು ‘ಅತ್ಯುತ್ತಮ’ ಎಂದರು, 150 ಡಾಲರ್ ಕಳಿಸಿ ಎಂದರು. ನಕ್ಕು ಬಿಡೋಣ ಎಂದರೆ, ನಮ್ಮ ಪಕ್ಕದ ಹೈದರಾಬಾದಿನ ಒಮಿಕ್ಸ್ ಎಂಬ ಪ್ರಕಾಶನಕ್ಕೆ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರಿಗೂ ಮಿಕ್ಕಿ ಕಟ್ಟುವಂತೆ ಆದೇಶಿಸಿತು. ಡಾಲರಿನ ಬೆಲೆ ಈಗ ತಮಗೇ ಗೊತ್ತು.

ತಾವೊಬ್ಬರೇ ತಪ್ಪಿತಸ್ಥರೆಂದು ನಾನು ಹೇಳಲಾರೆ. ಗಿರಾಕಿ ಇಲ್ಲದೆ ಅಂಗಡಿ ತೆರೆಯುವುದಿಲ್ಲ, ಗಿರಾಕಿಗಳನ್ನು ಮಾಡಿಕೊಟ್ಟವರು ನಮ್ಮವರೇ. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಅಧ್ಯಾಪಕರ ಬಡ್ತಿಗೆ ಎಪಿಐ ಎಂಬ ಅಂಕಗಳ ಲೆಕ್ಕ ತಂದಿತು. ಲೇಖನಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು. ಪಾಠ ಮಾಡಲು ತರಗತಿಗೆ ಹೋಗುತ್ತಿದ್ದವನು ಅಂಕ ಕೂಡಿಸಲು ಸೈಬರ್ ಅಂಗಡಿಗೆ ಹೋದ. ಪ್ರಯೋಗಾಲಯದಲ್ಲಿ ಬಲ್ಬು ಸರಿಯಿಲ್ಲದ ಕಾಲೇಜಿನ ಮೇಷ್ಟ್ರೂ ವರ್ಷಕ್ಕಿಷ್ಟು ‘ಅಂತರರಾಷ್ಟ್ರೀಯ’ ಲೇಖನ ತೋರಿಸಬೇಕಾಯಿತು. ಆಮೇಲೆ ಯುಜಿಸಿಯೇ ಒಪ್ಪಿತ ಪತ್ರಿಕೆಗಳ ಪಟ್ಟಿ ಮಾಡಿತು. 2018ರ ಮೇ ತಿಂಗಳಲ್ಲಿ ಅದೇ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಅವುಗಳಲ್ಲಿ ಬರೆದು ಬಡ್ತಿ ಪಡೆದವರ ಬಡ್ತಿಯನ್ನೂ ತೆಗೆಯಿತೇ ಎಂದು ತಾವು ಕೇಳಬೇಡಿ, ನಾನೂ ಕೇಳಿಲ್ಲ. ಬಳಿಕ ಕೇರ್ ಎಂಬ ಹೊಸ ಪಟ್ಟಿ ಬಂತು, 2025ರ ಫೆಬ್ರುವರಿಯಲ್ಲಿ ಅದೂ ರದ್ದಾಯಿತು. ಪತ್ರಿಕೆಯ ಯೋಗ್ಯತೆಯನ್ನು ಆಯಾ ಸಂಸ್ಥೆಗಳೇ ತೂಗಿ ನೋಡಬೇಕಂತೆ. ಅಂತೂ ತಮಗೆ ಹೊಳವಾಯಿತು.

ಇಷ್ಟಾದರೂ ತಮ್ಮ ಪತ್ರಿಕೆಗೆ ಬರೆಯಲು ನಾನು ಸಿದ್ಧ. ವಿಷಯವನ್ನೂ ಆರಿಸಿಕೊಂಡಿದ್ದೇನೆ. ಶೃಂಗೇರಿ, ಕೊಪ್ಪ ಕಡೆಯ ಅಡಿಕೆ ತೋಟಗಳನ್ನು ದಶಕಗಳಿಂದ ಹಳದಿ ಎಲೆ ರೋಗ ತಿನ್ನುತ್ತಿದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ, ಒಂದು ಜಾತಿಯ ಜಿಗಿಹುಳು ಅದನ್ನು ಹೊತ್ತು ತಿರುಗುತ್ತದೆ. ಇಷ್ಟು ಗೊತ್ತಾಗಿದೆ, ಗುಣಮಾಡುವ ಮದ್ದು ಗೊತ್ತಾಗಿಲ್ಲ. ಸುತ್ತಲಿನ ಮರಗಳೆಲ್ಲ ಹಳದಿಯಾದಾಗಲೂ ಹಸಿರಾಗಿಯೇ ನಿಂತ ಮರಗಳನ್ನು ಹುಡುಕಿ, ಅವುಗಳಿಂದ ಸಸಿ ಮಾಡಿ, ವರ್ಷಗಟ್ಟಲೆ ಕಾದು ನೋಡುವ ಕೆಲಸ ವಿಜ್ಞಾನಿಗಳದು. ಅಡಿಕೆ ಸಸಿ ಫಸಲು ಕೊಡಲೇ ಐದಾರು ವರ್ಷ ಬೇಕು. ಅದರ ಮೇಲೆ ಎಲೆಚುಕ್ಕೆ ರೋಗ ಬೇರೆ, ಅದು ಜೋರಾದದ್ದು ಇತ್ತೀಚೆಗೆ. ಗದ್ದೆ ಮುಚ್ಚಿ ತೋಟ ಮಾಡಿದವನು ಈಗ ತೋಟ ಕಡಿದು ಏನು ಮಾಡಲಿ ಎಂದು ಕೇಳುತ್ತಿದ್ದಾನೆ. ಇದರ ಮೇಲೆ ಲೇಖನ ಬರೆಯಲು ನನಗೆ ಹದಿನೈದು ವರ್ಷ ಕೊಡಿ. ಪರಾಮರ್ಶೆಗೆ ತಾವು ಖುದ್ದಾಗಿ ಆಷಾಢದಲ್ಲಿ ಬನ್ನಿ, ಕಂಬಳಿಕೊಪ್ಪೆ ನಾನು ಕೊಡುತ್ತೇನೆ. ಉಂಬಳ ಎಂಬ ನಮ್ಮ ಜಿಗಣೆ ತಮ್ಮನ್ನು ಉಚಿತವಾಗಿ ಪರಾಮರ್ಶಿಸುತ್ತದೆ.

ಶುಲ್ಕದ ಬಗ್ಗೆ ಒಂದು ಸ್ಪಷ್ಟೀಕರಣ. ಇಲ್ಲಿ ಮರ ಹತ್ತಿದವನಿಗೆ ನಾವು ಕೂಲಿ ಕೊಡುತ್ತೇವೆ, ಹತ್ತಿದ್ದಕ್ಕೆ ಅವನಿಂದಲೇ ದುಡ್ಡು ಕೇಳುವ ಪದ್ಧತಿ ಮೂರೂ ತಾಲ್ಲೂಕಿನಲ್ಲಿಲ್ಲ. ಆದ್ದರಿಂದ ತಾವು ಕೇಳಿದ ಮೊತ್ತ ಬರುವುದಿಲ್ಲ. ಸಂಪಾದಕ ಮಂಡಳಿಯ ಸದಸ್ಯತ್ವವನ್ನು ನಮ್ಮ ಕೊನೆಗಾರನಿಗೆ ಕೊಡಬಹುದೇ ಎಂದು ಕೇಳಿ ನೋಡಿದೆ. “ಸಂಬಳ ಇಲ್ದಿದ್ರೆ ಬ್ಯಾಡ ಮೇಷ್ಟ್ರೇ” ಎಂದ.

ಇದು ಬಹಿರಂಗ ಪತ್ರವಾದ್ದರಿಂದ ಕೊನೆಗೆ ತಮ್ಮನ್ನು ಬಿಟ್ಟು ಬೇರೆಯವರಿಗೆ ಎರಡು ಮಾತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಲೇಜುಗಳಲ್ಲಿರುವ ಕಿರಿಯ ಅಧ್ಯಾಪಕರೇ, ಸಂಶೋಧನಾ ವಿದ್ಯಾರ್ಥಿಗಳೇ, ಇದೇ ಆಹ್ವಾನ ನಿಮಗೂ ಬಂದಿರುತ್ತದೆ. ಹಣ ಕಟ್ಟಬೇಡಿ. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಿರಲೇಬೇಕು ಎಂಬ ಷರತ್ತನ್ನು ಯುಜಿಸಿ 2022ರ ನವೆಂಬರಿನ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನಿಮ್ಮನ್ನು ಯಾರಾದರೂ ಇನ್ನೂ ಕೇಳುತ್ತಿದ್ದರೆ, ಯಾವ ನಿಯಮದಡಿ ಎಂದು ಬರಹದಲ್ಲಿ ಕೊಡಲು ಹೇಳಿ.

ಇಂತಿ ತಮ್ಮ,
ಜಗದ್ವಿಖ್ಯಾತ ವಿದ್ವಾಂಸ,
ಕೊಪ್ಪ ತಾಲ್ಲೂಕು