ಅಪ್‌ಗ್ರೇಡ್ ರಾಯರು

ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ರಾಜಾಜಿನಗರದ ನಮ್ಮ ಬ್ಲಾಕಿನಲ್ಲಿ ಅವರಿಗೆ ‘ಅಪ್‌ಗ್ರೇಡ್ ರಾಯರು’ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಗ್ಯಾಸ್ ಬುಕ್ಕಿನಲ್ಲಿದೆ, ಬಳಕೆಯಲ್ಲಿಲ್ಲ. ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಹೊಸದನ್ನು ಕೊಂಡವನು ಸೋತ, ಹಳೆಯದನ್ನು ಇನ್ನೊಂದು ವರ್ಷ ಎಳೆದವನು ಗೆದ್ದ ಎಂಬುದು ಅವರ ಸಿದ್ಧಾಂತ. ಅವರ ಮನೆಯ ಮಿಕ್ಸಿಯಲ್ಲಿ ಜಾರು ಎರಡನೆಯದು, ಮೋಟಾರು ಮೂರನೆಯದು, ಮುಚ್ಚಳ ಬೇರೆ ಕಂಪನಿಯದು. ಆದರೂ ಅದು ಮದುವೆಯಲ್ಲಿ ಮಾವ ಕೊಟ್ಟ ಮಿಕ್ಸಿಯೇ.

ಈ ಸಂಪತ್ತಿನಲ್ಲೆಲ್ಲ ಅಗ್ರಸ್ಥಾನ ಹಾಲಿನ ಮೂಲೆಯಲ್ಲಿರುವ ಡೆಸ್ಕ್‌ಟಾಪಿಗೆ. 2012ರಲ್ಲಿ ಮಗನ ಓದಿಗೆಂದು ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದದ್ದು. ಎಚ್61 ಬೋರ್ಡು, ಎರಡನೇ ತಲೆಮಾರಿನ ಐ3, ಹದಿನೆಂಟೂವರೆ ಇಂಚಿನ ಮಾನಿಟರು. ಮಗ ಓದಿ, ಕೆಲಸ ಹಿಡಿದು, ಮದುವೆಯಾಗಿ ಡಲ್ಲಾಸಿಗೆ ಹೋದ. ಕಂಪ್ಯೂಟರು ಉಳಿಯಿತು. ಇಬ್ಬರಲ್ಲಿ ಹೇಳಿದ ಮಾತು ಕೇಳುವುದು ಕಂಪ್ಯೂಟರೇ ಎಂದು ರಾಯರು ಆಗಾಗ ಹೇಳುವುದುಂಟು.

ಕೇಳುತ್ತದೆ, ಸುಮ್ಮನೆ ಅಲ್ಲ. ಒತ್ತಿದರೆ ಪರದೆ ಕಪ್ಪಾಗಿ ಕೂತು ಬೀಪ್ ಬೀಪ್ ಎಂದು ಕೂಗಿದರೆ, ರಾಯರು ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ, ಮತ್ತೆ ಟಕ್ ಎಂದು ಕೂರಿಸುತ್ತಾರೆ. ಹೆಚ್ಚಿನ ಸಲ ಅಷ್ಟಕ್ಕೇ ಜೀವ ಬರುತ್ತದೆ. ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಸತ್ತುಹೋದಾಗ ದಿನಾ ಬೆಳಿಗ್ಗೆ ಗಡಿಯಾರ ಹಳೇ ವರ್ಷಕ್ಕೆ ಓಡುತ್ತಿತ್ತು. ತಾರೀಖು ತಪ್ಪಿದ ಕಂಪ್ಯೂಟರನ್ನು ಬ್ಯಾಂಕಿನ ವೆಬ್‌ಸೈಟು ಒಳಗೆ ಬಿಟ್ಟುಕೊಳ್ಳುವುದಿಲ್ಲ. ರಾಯರು ಬಹುಕಾಲ ದಿನಾ ಕೈಯಾರೆ ತಾರೀಖು ತಿದ್ದಿಕೊಂಡೇ ಪೆನ್ಷನ್ ನೋಡಿದರು. ‘ಒಂದು ಬ್ಯಾಟರಿ ಹಾಕ್ಸಬಾರ್ದಾ?’ ಎಂದರೆ, ‘ತಿದ್ದೋದಕ್ಕೇನು ದುಡ್ಡು ಕೊಡ್ಬೇಕಾ?’ ಎಂದರು. ಆಯುಧಪೂಜೆಯ ದಿನ ಅದಕ್ಕೆ ಅರಿಸಿನ ಕುಂಕುಮ, ಮೇಲೊಂದು ಚೆಂಡುಹೂವು. ಹೂವಿನ ಎಸಳು ಫ್ಯಾನಿನೊಳಗೆ ಹೋಗಿ, ಮಾರನೆಯ ದಿನ ಇಡೀ ಪೆಟ್ಟಿಗೆ ಬಿಚ್ಚಬೇಕಾಗಿ ಬಂದರೆ ಅದೂ ಹಬ್ಬದ ಮುಂದುವರಿಕೆಯೇ.

ಒಮ್ಮೆ ಮಾತ್ರ ಉದಾರಿಯಾಗಿ ಎಸ್‌ಎಸ್‌ಡಿ ಹಾಕಿಸಿದರು. ಕಾಫಿ ಕುಡಿದು ಮುಗಿಸುವವರೆಗೂ ಏಳದಿದ್ದ ಯಂತ್ರ, ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಎದ್ದು ನಿಲ್ಲತೊಡಗಿತು. ಆ ಪೆಟ್ಟಿಗೆಗೆ ಅವರು ಹಾಕಿದ ದುಡ್ಡಿನಲ್ಲಿ ಸಾರ್ಥಕವಾದದ್ದು ಅದೊಂದೇ ಎಂದು ನನ್ನ ಖಚಿತ ಅಭಿಪ್ರಾಯ. ಹಳೆಯ ಕಂಪ್ಯೂಟರು ನಿಧಾನ ಎನ್ನುವವರೆಲ್ಲ ಮೊದಲು ಮಾಡಬೇಕಾದದ್ದೂ ಅದೇ. ಅಲ್ಲಿಗೇ ನಿಂತಿದ್ದರೆ ರಾಯರು ರಾಯರಾಗುತ್ತಿರಲಿಲ್ಲ. ವಿಂಡೋಸ್ 11ಕ್ಕೆ ಕನಿಷ್ಠ ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರು ಬೇಕು ಎಂದಿತು ಮೈಕ್ರೋಸಾಫ್ಟ್. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಕೈಯನ್ನೂ ಬಿಟ್ಟಿತು. ರಾಯರು ಬಿಡಲಿಲ್ಲ.

ಗ್ರಾಫಿಕ್ಸ್ ಕಾರ್ಡಿನ ಆಸೆ ಅವರಿಗೆ ಹುಟ್ಟಿ ವರ್ಷಗಳೇ ಆಗಿದ್ದವು. ಆದರೆ ಕೊಳ್ಳುವ ಮುಹೂರ್ತ ಕೂಡಿಬರಲಿಲ್ಲ. 2021ರಲ್ಲಿ ಕ್ರಿಪ್ಟೋ ಗಣಿಗಾರರು ಕಾರ್ಡುಗಳನ್ನು ಮೂಟೆಗಟ್ಟಲೆ ಕೊಂಡು ಬೆಲೆ ಆಕಾಶಕ್ಕೇರಿತು. ‘ಇಳೀಲಿ, ನಮಗೇನು ಅರ್ಜೆಂಟು?’ ಎಂದರು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ತನ್ನ ಲೆಕ್ಕಾಚಾರದ ರೀತಿಯನ್ನೇ ಬದಲಿಸಿ, ಆ ನಾಣ್ಯಕ್ಕೆ ಕಾರ್ಡೇ ಬೇಡವಾಯಿತು. ದುಡಿದು ದಣಿದ ಕಾರ್ಡುಗಳು ಸೆಕೆಂಡ್ ಹ್ಯಾಂಡಿಗೆ ಬಂದವು. ಬೆಲೆಯೂ ಇಳಿಯಿತು. ಈಗ ರಾಯರಿಗೆ ಬೇರೆಯೇ ಸಂಶಯ: ‘ಹಗಲೂ ರಾತ್ರಿ ಓಡ್ಸಿರ್ತಾರೆ ಕಣ್ರೀ, ಅದರ ಫ್ಯಾನಿನ ಬೇರಿಂಗ್ ಏನಾಗಿರುತ್ತೆ?’ ಅಸಲಿಗೆ ಕಾರ್ಡು ಯಾತಕ್ಕೆ ಎಂದು ಕೇಳಿದರೆ ಉತ್ತರವಿರಲಿಲ್ಲ. ಅವರು ಆಟ ಆಡುವವರಲ್ಲ. ಪಂಚಾಂಗದ ಪಿಡಿಎಫ್, ಪೆನ್ಷನ್, ಹಳೆಯ ಸಂಗೀತ ಕಛೇರಿಗಳ ಯೂಟ್ಯೂಬು, ಇಷ್ಟೇ.

ಆ ಕೊರತೆಯನ್ನು ಮೊಮ್ಮಗಳು ತುಂಬಿದಳು. ಅವಳು ಮೊದಲ ಹೆಜ್ಜೆ ಇಟ್ಟದ್ದನ್ನು ಮಗ ಐಫೋನಿನಲ್ಲಿ ಫೋರ್‌ಕೆ ವಿಡಿಯೋ ತೆಗೆದು, ಅಸಲು ಕಡತವನ್ನೇ ಕಳಿಸಿದ. ಐಫೋನುಗಳು 2017ರಿಂದೀಚೆಗೆ ವಿಡಿಯೋವನ್ನು ಎಚ್‌ಇವಿಸಿ ವಿಧಾನದಲ್ಲಿ ಒತ್ತಿ ಚಿಕ್ಕದು ಮಾಡಿ ಇಡುತ್ತವೆ. ಜಾಗ ಉಳಿಯುತ್ತದೆ, ಆದರೆ ಬಿಡಿಸಿ ತೋರಿಸಲು ಯಂತ್ರ ಬೆವರು ಸುರಿಸಬೇಕು. ಆ ವಿಧಾನ ಪ್ರಮಾಣಿತವಾದದ್ದೇ 2013ರಲ್ಲಿ. 2011ರಲ್ಲಿ ಹುಟ್ಟಿದ ಐ3ರ ಒಳಗಿನ ಗ್ರಾಫಿಕ್ಸಿಗೆ ಅದು ಎಲ್ಲಿಂದ ಗೊತ್ತಿರಬೇಕು? ರಾಯರು ವಿಡಿಯೋ ಒತ್ತಿದರು. ಫ್ಯಾನು ಮೊರೆಯಿತು, ‘ಬಾ ಪುಟ್ಟಿ, ಬಾ ಬಾ’ ಎಂಬ ಸೊಸೆಯ ದನಿ ಸಲೀಸಾಗಿ ಕೇಳಿತು, ಪುಟ್ಟಿ ಮಾತ್ರ ಒಂದು ಕಾಲು ಎತ್ತಿಕೊಂಡು ನಿಂತಲ್ಲೇ ನಿಂತಳು.

‘ನನ್ನ ಫೋನಲ್ಲಿ ಚೆನ್ನಾಗೇ ಬರತ್ತಲ್ಲ, ತಗೊಳ್ಳಿ’ ಎಂದರು ಅವರ ಹೆಂಡತಿ. ಆಕೆ ಅದಾಗಲೇ ಅಕ್ಕಪಕ್ಕದ ಮನೆಗಳಿಗೆಲ್ಲ ತೋರಿಸಿ ಬಂದಿದ್ದರು.

‘ಫೋನಲ್ಲಿ ಬರೋದು ಮುಖ್ಯ ಅಲ್ಲ ಕಣೇ’ ಎಂದರು ರಾಯರು. ಅಂದೇ ಬ್ಯಾಂಕಿನವರು ಕೊಟ್ಟ ಡೈರಿಯಲ್ಲಿ ‘ಗ್ರಾ. ಕಾರ್ಡು’ ಎಂಬ ತಲೆಬರಹ ಬಿತ್ತು.

ಆ ಡೈರಿಯನ್ನು ನಾನು ನೋಡಿದ್ದೇನೆ. ಅದರಲ್ಲಿ ಎಲ್ಲವೂ ಅಳತೆ. ಸ್ಟೀಲ್ ಸ್ಕೇಲನ್ನು ಪೆಟ್ಟಿಗೆಯೊಳಗೆ ಇಳಿಸಿ ಸ್ಲಾಟಿನಿಂದ ಹಾರ್ಡ್ ಡಿಸ್ಕಿನ ಗೂಡಿನವರೆಗೆ ಎಷ್ಟು ಮಿಲಿಮೀಟರು, ಪಕ್ಕದ ಹಲಗೆಗೆ ಎಷ್ಟು, ಎಲ್ಲಕ್ಕೂ ಚಿತ್ರ ಸಮೇತ ಲೆಕ್ಕ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಬಗ್ಗೆ ಅವರಿಗೆ ವಿಶೇಷ ಗೌರವ. ಯಾವ ತಲೆಮಾರಿನ ಕಾರ್ಡನ್ನು ಯಾವ ತಲೆಮಾರಿನ ಸ್ಲಾಟಿಗೆ ಹಾಕಿದರೂ ಎರಡೂ ಹೊಂದಿಕೊಂಡು, ಇಬ್ಬರಲ್ಲಿ ನಿಧಾನದವರ ವೇಗಕ್ಕೆ ನಡೆಯುತ್ತವೆ. ‘ಇದನ್ನ ಮಾಡಿದೋರು ಯಾರೋ ಸಂಸ್ಕಾರವಂತರು ಕಣಯ್ಯಾ, ಹಿರಿಯರನ್ನ ಬಿಟ್ಟು ಓಡೋದಿಲ್ಲ’ ಎನ್ನುತ್ತಾರೆ.

ಮೂರನೇ ಮಹಡಿಯ ಹುಡುಗ, ಸದಾ ಹೆಡ್‌ಫೋನ್ ಹಾಕಿಕೊಂಡೇ ಓಡಾಡುವವನು, ಈ ಸುದ್ದಿ ಕೇಳಿ ಉತ್ಸಾಹದಿಂದ ಬಂದ. ‘ಅಂಕಲ್, ಹಾಕೋದಾದ್ರೆ ಆರ್‌ಟಿಎಕ್ಸ್ ಹಾಕ್ಸಿ.’ ಅವನ ಫೋನಿನಲ್ಲಿ ರಾಯರು 4090 ಕಾರ್ಡಿನ ವಿವರ ಓದಿದರು. 450 ವ್ಯಾಟ್. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ‘ನಮ್ಮ ಮಿಕ್ಸಿನೇ ಐನೂರು ಕಣೋ. ಅದನ್ನ ಚಟ್ನಿಗೆ ಅಂತ ಐದು ನಿಮಿಷ ಓಡಿಸ್ತೀವಿ.’ ಹುಡುಗ ಬಾಟಲ್‌ನೆಕ್ ಬಗ್ಗೆ ಹೇಳಿದ. ಪ್ರೊಸೆಸರು ಇಷ್ಟು ಹಳೆಯದಾದರೆ ಎಷ್ಟು ದೊಡ್ಡ ಕಾರ್ಡು ಹಾಕಿದರೂ ಅದು ಕೈಕಟ್ಟಿ ಕೂರಬೇಕಾಗುತ್ತದೆ ಎಂದ. ರಾಯರು ಅದನ್ನು ತಮ್ಮ ಐ3ಕ್ಕೆ ಆದ ಅವಮಾನವೆಂದು ಸ್ವೀಕರಿಸಿ ಮಾತು ಬದಲಿಸಿದರು.

ಅವರ ನಿಜವಾದ ವಿದ್ವತ್ತು ಬೆಳಗಿದ್ದು ಎಸ್‌ಎಂಪಿಎಸ್ ವಿಚಾರದಲ್ಲಿ. ಕ್ಯಾಬಿನೆಟ್ಟಿನ ಜೊತೆಗೇ ಬಂದ, ಕಂಪ್ಯೂಟರಿಗೆಲ್ಲ ವಿದ್ಯುತ್ ಹಂಚುವ ಪೆಟ್ಟಿಗೆ ಅದು. ಮೇಲೆ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದಿದೆ. ಅಂಗಡಿಯವರು ನೋಡುವುದು ಅಷ್ಟನ್ನೇ. ರಾಯರು ಟಾರ್ಚ್ ಹಿಡಿದು ಕೆಳಗಿನ ಸಣ್ಣ ಅಕ್ಷರ ಓದಿದರು: 12 ವೋಲ್ಟ್, 14 ಆಂಪಿಯರ್. ಗುಣಿಸಿದರೆ 168. ಪ್ರೊಸೆಸರಿಗೂ ಕಾರ್ಡಿಗೂ ಶಕ್ತಿ ಬರುವುದು ಈ ದಾರಿಯಿಂದಲೇ. ‘ನೋಡಿದ್ರಾ, ಬೋರ್ಡಲ್ಲಿ ನಾನೂರೈವತ್ತು, ಅಡುಗೆಮನೇಲಿ ನೂರರವತ್ತೆಂಟು!’ ಎಂದು ಬೀದಿಗೆಲ್ಲ ಕೇಳುವಂತೆ ನಕ್ಕರು. ಹೆಚ್ಚುವರಿ ವೈರಿಲ್ಲದೆ ಸ್ಲಾಟು ತಾನೇ ಕೊಡಬಲ್ಲದ್ದು 75 ವ್ಯಾಟ್. ಆದ್ದರಿಂದ ವೈರು ಬೇಡದ ಕಾರ್ಡು, ಅದರಲ್ಲೂ ಮಿತಾಹಾರಿ ಕಾರ್ಡೇ ಆಗಬೇಕೆಂದು ತೀರ್ಮಾನವಾಯಿತು. ಇಲ್ಲಿ ರಾಯರು ಹೇಳಿದ್ದು ಅಕ್ಷರಶಃ ಸರಿ. ಸ್ಟಿಕ್ಕರಿನ ದೊಡ್ಡ ಅಂಕಿ ನಂಬಿ ಭಾರಿ ಕಾರ್ಡು ಹಾಕಿ, ಸುಟ್ಟ ವಾಸನೆ ಬಂದ ಮೇಲೆ ಕಣ್ಣು ಬಿಡುವವರು ಬೇಕಾದಷ್ಟು ಮಂದಿ ಇದ್ದಾರೆ.

ಉಳಿದದ್ದು ಎರಡು ಹೆಸರು. ಜಿಟಿ 710 ಅಗ್ಗ. ಆದರೆ ಅದರ ವಂಶ 2012ರ ಕೆಪ್ಲರ್, ಎಚ್‌ಇವಿಸಿ ಬಿಡಿಸಲು ಅದಕ್ಕೂ ಬಾರದು. ಅದನ್ನು ಹಾಕಿದರೆ ಪುಟ್ಟಿಯ ಕಾಲು ಮೇಲೆಯೇ ಇರುತ್ತದೆ. 2017ರ ಜಿಟಿ 1030ಕ್ಕೆ ಬರುತ್ತದೆ, ಕುಡಿಯುವುದೂ 30 ವ್ಯಾಟ್ ಮಾತ್ರ. ಆದರೆ ಇಲ್ಲೊಂದು ಕಿತಾಪತಿ: ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ನೆನಪು ಹಾಕಿದ ಇನ್ನೊಂದು ಕಾರ್ಡು ಬಂತು. ಮೊದಲಿನದರಲ್ಲಿ ನೆನಪಿನ ವೇಗ ಸೆಕೆಂಡಿಗೆ 48 ಜಿಬಿ, ಎರಡನೆಯದರಲ್ಲಿ 16.8. ಡಬ್ಬದ ಮೇಲೆ ಹೆಸರು ಒಂದೇ. ಹೀಗೆ ಹೆಸರಿಟ್ಟವರನ್ನು ಒಂದು ದಿನ ರಾಯರ ಮುಂದೆ ಕೂರಿಸಬೇಕೆಂದು ನನಗೆ ಆಸೆ. ರಾಯರು ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡರು: ‘ಜಿಡಿಡಿಆರ್5 ಎಂದು ಓದಿಯೇ ದುಡ್ಡು ಕೊಡುವುದು.’

ಅಷ್ಟರಲ್ಲಿ ಮಾನಿಟರು ಅಡ್ಡಬಂತು. ಅದರ ಬೆನ್ನಿಗೆ ಇರುವುದು ನೀಲಿ ವಿಜಿಎ ಕಿಂಡಿ ಒಂದೇ, ಕಾರ್ಡಿನಲ್ಲಿ ಅದೇ ಇಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಕನ್ವರ್ಟರ್ ಬೇಕು. ಬೋರ್ಡು ಹಳೆಯದಾದ್ದರಿಂದ ಹೊಸ ಕಾರ್ಡನ್ನು ಗುರುತಿಸದೆಯೂ ಹೋಗಬಹುದು. ಬಯಾಸ್ ಅಪ್‌ಡೇಟ್ ಮಾಡಿಕೊಂಡರೆ ಒಳ್ಳೆಯದು. ಆದರೆ ಅಪ್‌ಡೇಟಿನ ನಡುವೆ ಕರೆಂಟು ಹೋದರೆ ಬೋರ್ಡೇ ಹೋದಂತೆ. ಅದಕ್ಕೆ ಯುಪಿಎಸ್ ಬೇಕು, ಯುಪಿಎಸ್ಸಿಗೆ ಬ್ಯಾಟರಿ ಬೇಕು. ಕೌಪೀನ ಉಳಿಸಿಕೊಳ್ಳಲು ಬೆಕ್ಕು ಸಾಕಿದ ಸನ್ಯಾಸಿಯ ಸಂಸಾರ ಹೀಗೆಯೇ ಬೆಳೆದದ್ದು. ವ್ಯತ್ಯಾಸವೆಂದರೆ ಸನ್ಯಾಸಿಗೆ ಬೇಸರವಾಯಿತು, ರಾಯರ ಮುಖಕ್ಕೆ ಕಳೆ ಬಂತು. ಬೆಳಿಗ್ಗೆ ಪೇಪರು ಬಂದ ತಕ್ಷಣ ‘ಇಂದು ವಿದ್ಯುತ್ ವ್ಯತ್ಯಯ’ದ ಪಟ್ಟಿ ನೋಡುವುದು, ನಮ್ಮ ಬ್ಲಾಕಿನ ಹೆಸರಿಲ್ಲದ ದಿನವನ್ನು ಗುರುತು ಹಾಕಿಕೊಳ್ಳುವುದು, ಆ ದಿನ ಮೋಡ ಕಂಡರೆ ಮುಂದೂಡುವುದು ನಡೆಯಿತು. ತಮ್ಮದೇ ಇಲಾಖೆಯ ಮೇಲೆ ನಂಬಿಕೆ ಇಡಬೇಕಾಗಿ ಬಂದದ್ದು ಅವರಿಗೆ ಇದೇ ಮೊದಲು.

ಕೊನೆಗೊಂದು ದಿನ ಹಸಿರು ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ಹೊರಟರು. ಜೊತೆಗೆ ನಾನೂ ಇದ್ದೆ. ಮೊದಲ ಅಂಗಡಿಯಲ್ಲೇ ಹುಡುಗ ಕೇಳಿದ, ‘ಬೋರ್ಡ್ ಯಾವ್ದು ಸಾರ್?’

‘ಎಚ್ ಸಿಕ್ಸ್‌ಟಿ ಒನ್.’

‘ಇನ್ನೂ ಓಡ್ತಿದ್ಯಾ ಸಾರ್?’

ಈ ಪ್ರಶ್ನೆಗಾಗಿಯೇ ರಾಯರು ಅಷ್ಟು ದೂರ ಬಂದಿದ್ದರೇನೋ ಎಂದು ನನಗೆ ಅನುಮಾನ. ‘ಓಡ್ತಿದ್ಯಾ ಅಂದ್ರೆ?’ ಎಂದು ಶುರು ಮಾಡಿ ರಬ್ಬರು, ಬ್ಯಾಟರಿ, ಎಸ್‌ಎಸ್‌ಡಿ ಎಲ್ಲ ಹೇಳಿದರು. ಮಾಲೀಕರು ಕ್ಯಾಲ್ಕುಲೇಟರು ಕೆಳಗಿಟ್ಟು ತಾಳ್ಮೆಯಿಂದ ಕೇಳಿ ಹೇಳಿದರು: ‘ಸಾರ್, ನನ್ ಮಾತು ಕೇಳಿ. ಆಫೀಸಿಂದ ಬಂದಿರೋ ರೀಫರ್ಬಿಶ್ಡ್ ಡೆಸ್ಕ್‌ಟಾಪ್ ಕೊಡ್ತೀನಿ. ಎಂಟನೇ ಜನರೇಷನ್ ಐ5. ಕಾರ್ಡು, ಕನ್ವರ್ಟರ್ರು, ಯುಪಿಎಸ್ಸು, ಎಲ್ಲಾ ಸೇರಿಸಿದ್ರೆ ಅಷ್ಟಕ್ಕೇ ಬರುತ್ತೆ. ವಿಂಡೋಸ್ 11 ಹೋಗುತ್ತೆ, ನಿಮ್ಮ ಐಫೋನ್ ವಿಡಿಯೋನೂ ಓಡುತ್ತೆ.’

ಲೆಕ್ಕ ಸರಿಯಾಗಿಯೇ ಇತ್ತು. ಎಂಟನೇ ತಲೆಮಾರಿನ ಒಳಗಿನ ಗ್ರಾಫಿಕ್ಸು ಎಚ್‌ಇವಿಸಿಯನ್ನು ಯಾವ ಕಾರ್ಡಿನ ಸಹಾಯವೂ ಇಲ್ಲದೆ ಬಿಡಿಸುತ್ತದೆ. ಬೇರೆ ಯಾರಾದರೂ ಅಲ್ಲಿಯೇ ಒಪ್ಪಿಕೊಳ್ಳುತ್ತಿದ್ದರು. ರಾಯರು ಆ ಸಪೂರ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: ‘ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕ್ಬೋದಾ?’

‘ಬೇಕಾಗೇ ಇಲ್ಲ ಸಾರ್!’

‘ಎಸ್‌ಎಂಪಿಎಸ್?’

‘ಇದರದ್ದೇ ಬೇರೆ ಶೇಪು. ಮುಟ್ಟೋ ಹಾಗಿಲ್ಲ. ಆರಾಮಾಗಿ ಇಟ್ಕೊಳ್ಳಿ.’

ರಾಯರು ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. ಏನೂ ಬೇಕಾಗದ, ಏನನ್ನೂ ಮುಟ್ಟುವ ಹಾಗಿಲ್ಲದ ಕಂಪ್ಯೂಟರನ್ನು ಇಟ್ಟುಕೊಂಡು ನಿವೃತ್ತ ಮನುಷ್ಯ ಮಾಡುವುದೇನು? ಡೈರಿ ತೆರೆದು, ಕೆಂಪು ಶಾಯಿಯ ಸಾಲಿನ ಮೇಲೆ ಬೆರಳಿಟ್ಟು, ‘ಜಿಟಿ 1030, ಜಿಡಿಡಿಆರ್5. ಡಬ್ಬ ಕೊಡಿ, ನಾನೇ ಓದ್ತೀನಿ’ ಎಂದರು.

ಕಾರ್ಡು ಕೂತಿತು. ಒತ್ತಿದರು. ಫ್ಯಾನು ತಿರುಗಿತು, ಪರದೆ ಕಪ್ಪು. ರ‍್ಯಾಮ್ ಕಿತ್ತು ಉಜ್ಜಿದರು. ಕಪ್ಪು. ಬಯಾಸ್ ಅಪ್‌ಡೇಟ್ ಮಾಡಿದ್ದು ಸಾಲದಾಯಿತೇನೋ ಎಂದು ಮುಖ ಬಾಡಿತು. ಮೂರನೇ ಮಹಡಿಯ ಹುಡುಗ ಬಂದು ಹಿಂದೆ ಇಣುಕಿದ. ರಾಯರು ಅಭ್ಯಾಸಬಲದಿಂದ ಮಾನಿಟರಿನ ವೈರನ್ನು ಬೋರ್ಡಿನ ಹಳೆಯ ಕಿಂಡಿಗೇ ಚುಚ್ಚಿದ್ದರು. ಕನ್ವರ್ಟರು ಡಬ್ಬದಲ್ಲೇ ಇತ್ತು. ಇದು ರಾಯರೊಬ್ಬರ ಕತೆಯಲ್ಲ. ಹೊಸ ಕಾರ್ಡು ಹಾಕಿ ವೈರನ್ನು ಹಳೆಯ ಜಾಗಕ್ಕೇ ಸಿಕ್ಕಿಸುವುದು ಈ ಬಳಗದ ಉಪನಯನವಿದ್ದಂತೆ.

ವೈರು ಬದಲಾಯಿತು. ವಿಡಿಯೋ ಒತ್ತಿದರು. ಪುಟ್ಟಿ ಎತ್ತಿದ್ದ ಕಾಲನ್ನು ಕೆಳಗಿಟ್ಟು, ಇನ್ನೊಂದು ಎತ್ತಿ, ತೂರಾಡಿ, ನಾಲ್ಕು ಹೆಜ್ಜೆ ನಡೆದು ಸೋಫಾ ಹಿಡಿದಳು. ರಾಯರ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ಚಪ್ಪಾಳೆ ತಟ್ಟಿದರು. ರಾಯರು ನೋಡುತ್ತಿದ್ದದ್ದು ಪಕ್ಕದಲ್ಲಿ ತೆರೆದಿಟ್ಟಿದ್ದ ಟಾಸ್ಕ್ ಮ್ಯಾನೇಜರನ್ನು.

‘ಇಲ್ನೋಡೇ! ಸಿಪಿಯು ನೂರಲ್ಲಿ ಇರ್ತಿತ್ತು, ಹೇಗೆ ಇಳೀತು ನೋಡು!’

‘ರೀ, ಮಗು ನಡೆದಿದ್ದು ನೋಡಿದ್ರಾ?’

‘ಇರು, ಡಿಕೋಡ್ ಎಷ್ಟು ತಗೋತಿದೆ ನೋಡ್ತೀನಿ.’

ಹುಡುಗ ಪರದೆಗೆ ಮುಖ ಹತ್ತಿರ ಮಾಡಿ ಹೇಳಿದ, ‘ಅಂಕಲ್, ಇದು ಫೋರ್‌ಕೆ ವಿಡಿಯೋ. ಅದರಲ್ಲಿ 2160 ಸಾಲು ಇರುತ್ತೆ. ನಿಮ್ಮ ಮಾನಿಟರಲ್ಲಿ ಇರೋದು 768.’

ರಾಯರು ಕನ್ನಡಕ ಸರಿಮಾಡಿಕೊಂಡು ಡೈರಿಗೆ ಕೈಚಾಚಿದರು. ಆದರೆ ಅವರ ಹೆಂಡತಿ ಅದನ್ನು ಅಷ್ಟರಲ್ಲೇ ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು.

‘ಪರವಾಗಿಲ್ಲ, ನೀನು ಬಾಯಲ್ಲಿ ಹೇಳು’ ಎಂದರು ರಾಯರು, ದನಿ ತಗ್ಗಿಸಿ. ‘ಇಪ್ಪತ್ತೇಳು ಇಂಚಿಂದು ಎಷ್ಟು ವ್ಯಾಟು?’