ಟೋನ್ ಮೇಷ್ಟ್ರು

ಮಂಡ್ಯ ತಾಲ್ಲೂಕಿನ ದುದ್ದ, ಬಸರಾಳು, ಕೆರಗೋಡು ಹೋಬಳಿಗಳಲ್ಲಿ ಊರಿಗೊಬ್ಬರಲ್ಲದಿದ್ದರೂ ಮೂರೂರಿಗೊಬ್ಬರಂತೆ ಕಾಣಸಿಗುವ ತಳಿ ಟೋನ್ ಮೇಷ್ಟ್ರು. ಹಗಲು ಕಬ್ಬಿನ ಗದ್ದೆ ಅಥವಾ ಮೋಟಾರ್ ರಿವೈಂಡಿಂಗ್ ಅಂಗಡಿ, ರಾತ್ರಿ ಕೀಬೋರ್ಡು. ಇವರನ್ನು ಸಾಕಿರುವುದು ಪೌರಾಣಿಕ ನಾಟಕ. ಸುಗ್ಗಿ ಮುಗಿದು ಹಬ್ಬಗಳು ಶುರುವಾದರೆ ಊರೂರಲ್ಲಿ ‘ಕುರುಕ್ಷೇತ್ರ’ ಕಟ್ಟುತ್ತಾರೆ. ರಂಗದ ಮುಂದೆ ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಕೂರುತ್ತಾರೆ, ಮಗ್ಗುಲಲ್ಲಿ ತಬಲ, ರಿದಂ ಪ್ಯಾಡು, ಅದರಾಚೆ ಕೀಬೋರ್ಡು. ವಾದ್ಯ ಯಮಹಾದ್ದಾಗಲಿ ರೋಲ್ಯಾಂಡಿನದಾಗಲಿ, ಊರವರ ಬಾಯಲ್ಲಿ ಅದು ‘ಕ್ಯಾಸಿಯೊ’. ಅದನ್ನು ಕೇಳಿಸಿಕೊಂಡು ಸುಮ್ಮನಿರುವವರು ಕೀಬೋರ್ಡ್ ನುಡಿಸುವವರು. ನುಡಿಸುವುದನ್ನು ನಿಲ್ಲಿಸಿ, ‘ಸಿಂಥಸೈಜರ್ ಅನ್ನಿ’ ಎಂದು ತಿದ್ದುವವರು ಟೋನ್ ಮೇಷ್ಟ್ರು. ಮೊದಲಿನವರಿಗೆ ಹಾಡು ಬೇಕು. ಎರಡನೆಯವರಿಗೆ ಹಾಡು ಎನ್ನುವುದು ಟೋನ್ ಕೇಳಿಸಲು ಸಿಕ್ಕ ಒಂದು ನೆಪ.

ಈ ತಳಿಯ ಮೂಲಪುರುಷ ಅಮೆರಿಕದ ರಾಬರ್ಟ್ ಮೂಗ್. 1964ರಲ್ಲಿ ಅವರು ಕಟ್ಟಿದ ಮಾಡ್ಯುಲರ್ ಯಂತ್ರದಲ್ಲಿ ಒಂದು ಪೆಟ್ಟಿಗೆ ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಏರಿಸಿ ಇಳಿಸುತ್ತದೆ. ಯಾವುದರಿಂದ ಯಾವುದಕ್ಕೆ ವೈರು ಎಳೆಯಬೇಕೆಂಬುದು ನುಡಿಸುವವರ ತಲೆಗೆ ಬಿಟ್ಟದ್ದು. ಸ್ವರದ ಎತ್ತರ ತೀರ್ಮಾನಿಸುವುದು ವೋಲ್ಟೇಜು: ಒಂದು ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತದೆ. ಪಂಪ್‌ಸೆಟ್ಟುಗಳು ಎಳೆದಾಗ ಮೂವತ್ತು ನಲವತ್ತು ವೋಲ್ಟ್ ಒಟ್ಟಿಗೆ ಕುಸಿಯುವ ಸೀಮೆಯಲ್ಲಿ ಇಂಥ ವಾದ್ಯ ಹುಟ್ಟದೆ ಹೋದದ್ದಕ್ಕೆ ಕಾರಣ ಹುಡುಕಬೇಕಿಲ್ಲ. (ಯಂತ್ರದೊಳಗೆ ರೆಗ್ಯುಲೇಟರ್ ಇರುತ್ತದೆ, ಗೋಡೆಯ ವೋಲ್ಟೇಜಿಗೂ ಸ್ವರಕ್ಕೂ ಸಂಬಂಧವಿಲ್ಲ ಎಂದು ಟೋನ್ ಮೇಷ್ಟ್ರು ಇಲ್ಲಿ ಆಕ್ಷೇಪಿಸುತ್ತಾರೆ. ಆಕ್ಷೇಪ ಸರಿಯಾದದ್ದೇ.) ಭಾರತಕ್ಕೆ ಮೂಗ್ ಯಂತ್ರ ಬಂದದ್ದು 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಜೋಡಿಸಿ ಹೋದರು. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಧ್ವನಿಮುದ್ರಿಕೆ ತಂದರು. ಕೊಳ್ಳುವವರಿರಲಿಲ್ಲ. ಅದರಲ್ಲಿ ಅವರು ಬಳಸಿದ ಟಿಬಿ-303, ಟಿಆರ್-808 ಯಂತ್ರಗಳನ್ನೇ ಮುಂದೆ ಷಿಕಾಗೊದ ಹುಡುಗರು ಬಳಸಿ ಆ್ಯಸಿಡ್ ಹೌಸ್ ಎಂಬ ಶೈಲಿ ಹುಟ್ಟುಹಾಕಿದಾಗ ಜಗತ್ತು ತಲೆದೂಗಿತು. ಈ ಅನ್ಯಾಯವನ್ನು ಟೋನ್ ಮೇಷ್ಟ್ರು ಕಬ್ಬಿನ ಬಾಕಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡಿರುತ್ತಾರೆ. ಮಂಡ್ಯದ ಹಳ್ಳಿಗಳಿಗೆ ಯಂತ್ರದ ನಾದ ಬಂದದ್ದು ಕ್ಯಾಸೆಟ್ಟಿನ ದಾರಿಯಲ್ಲಿ. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಟೆಂಟಿನಲ್ಲೂ ಟೀ ಅಂಗಡಿಯಲ್ಲೂ ಮೊಳಗಿದಾಗ ಮಿಕ್ಕ ಹುಡುಗರು ನಾಯಕಿಯನ್ನು ಕನಸಿದರು. ಒಬ್ಬಿಬ್ಬರು ಮಾತ್ರ, ‘ಆ ಸದ್ದು ಯಾವುದ್ರಿಂದ ಬತ್ತಾ ಅದೆ?’ ಎಂದು ಸ್ಪೀಕರಿಗೆ ಕಿವಿ ಕೊಟ್ಟರು. ಅವರೇ ಈಗಿನ ಟೋನ್ ಮೇಷ್ಟ್ರುಗಳು.

ಇವರ ವಾಸಸ್ಥಾನ ಮನೆಯ ಅಟ್ಟ ಅಥವಾ ಹಳೆಯ ರೇಷ್ಮೆಹುಳು ಕೋಣೆ. ಹುಳು ಸಾಕಿದ್ದ ತಟ್ಟೆಗಳ ಮೇಲೆ ಈಗ ಕೀ ಉದುರಿದ ಕ್ಯಾಸಿಯೊಗಳು, ಫ್ಲಾಪಿ ನುಂಗಿ ಉಗುಳದ ಒಂದು ರೋಲ್ಯಾಂಡ್ ಎಕ್ಸ್‌ಪಿ-80, ಬೆಂಗಳೂರಿನ ರಾಡೆಲ್ ಕಂಪನಿಯ ಹಳೇ ಶ್ರುತಿಪೆಟ್ಟಿಗೆ ಸಾಲಾಗಿ ಮಲಗಿರುತ್ತವೆ. ಮೂಲೆಯಲ್ಲಿ ಸ್ವಂತ ತಯಾರಿಕೆಯ ಮಾಡ್ಯುಲರ್: ಸತ್ತ ಯುಪಿಎಸ್‌ನ ಡಬ್ಬ, 555 ಐಸಿಗಳು, ಹೊರಗೆ ಇಳಿಬಿದ್ದ ನಲವತ್ತು ವೈರು. ಅದು ಮೊದಲ ಸಲ ಕೂಗಿದ ದಿನ ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಂಡು ಹೋಯಿತು. ‘ಇದ್ಯಾಕ್ಲಾ ಮಗ, ಮನೆಲೇ ಕರೆಂಟ್ ಆಫೀಸ್ ಮಡಗಿದ್ದೀಯೆ?’ ಎಂದು ತಾಯಿ ಕೇಳಿದ್ದು ಈ ವಿಷಯದಲ್ಲಿ ಸಿಗುವ ಅತ್ಯುತ್ತಮ ವಿಮರ್ಶೆ. ಇಲ್ಲಿನ ವಿವರಗಳೆಲ್ಲ ಗೋಡೆಯಾಚೆಯ ಪಕ್ಕದ ಮನೆಯಾತ ಬೇಡವೆಂದರೂ ಕೇಳಿಸಿಕೊಂಡವು.

ಟೋನ್ ಮೇಷ್ಟ್ರ ಮುಖ್ಯ ಲಕ್ಷಣ ‘ಇದೊಂದು ಕೇಳಿ ಸಾ’. ಕೇಳಿಸುವುದು ಹಾಡಾಗಿದ್ದರೆ ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಕೇಳಿಸುವುದು ಒಂದೇ ಸ್ವರ. ಅದನ್ನು ಒತ್ತಿ ಹಿಡಿದು, ಗುಂಡಿ ಒಂದೆಳೆ ತಿರುಗಿಸಿ, ‘ಈಗ?’ ಎನ್ನುತ್ತಾರೆ. ಮತ್ತೊಂದೆಳೆ ತಿರುಗಿಸಿ, ‘ಈಗ?’ ವ್ಯತ್ಯಾಸ ಗೊತ್ತಾಗಲಿಲ್ಲ ಎಂದರೆ ಕಿವಿಯ ಮೇಲೆ ಅನುಮಾನ, ಗೊತ್ತಾಯಿತು ಎಂದರೆ ಇನ್ನೊಂದು ಗಂಟೆ.

ಇದರ ಫಲ ಏನಾಗಬಹುದು ಎನ್ನುವುದಕ್ಕೆ ಹೋಬಳಿಯ ಒಂದೂರಿನ ಹಬ್ಬದ ರಾತ್ರಿ ಸಾಕ್ಷಿ. ಕೃಷ್ಣ ಸಂಧಾನದ ಸೀನು. ಎಮ್ಮೆ ಮಾರಿ ಕೃಷ್ಣನ ಪಾರ್ಟು ಹಿಡಿದಿದ್ದ ರೈತರೊಬ್ಬರು ವಿಶ್ವರೂಪ ತೋರಿಸಬೇಕು. ಆ ಗಳಿಗೆಗೆಂದು ಟೋನ್ ಮೇಷ್ಟ್ರು ಎರಡು ತಿಂಗಳು ಕೂತು ಶಂಖ, ಗುಡುಗು, ಕಡಲು ಕಲಸಿದ ಒಂದು ಟೋನ್ ತಯಾರಿಸಿದ್ದರು. ದೀಪಗಳಿಗೆ ಜನರೇಟರ್ ಇತ್ತು. ಜನರೇಟರಿನ ಗುಂಯ್ ಸದ್ದು ಟೋನಿಗೆ ಸೇರಿಕೊಳ್ಳುತ್ತದೆಂದು ಕೀಬೋರ್ಡಿಗೆ ಮಾತ್ರ ಹಟ ಮಾಡಿ ಕಂಬದ ಕರೆಂಟು ಎಳೆಸಿಕೊಂಡಿದ್ದರು. ರಾತ್ರಿ ಎರಡಕ್ಕೆ ತ್ರೀಫೇಸ್ ಬಂತು. ಸುತ್ತಲಿನ ಗದ್ದೆಗಳ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎದ್ದವು, ವೋಲ್ಟೇಜು ಬಿತ್ತು, ಕೀಬೋರ್ಡು ಆರಿ ಮತ್ತೆ ಹೊತ್ತಿಕೊಂಡಿತು. ಹಾಗೆ ಹೊತ್ತಿಕೊಂಡ ಯಂತ್ರಕ್ಕೆ ತನ್ನ ಪಿಯಾನೊ ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ. ರಂಗದ ಮೇಲೆ ಕೃಷ್ಣ ಕೈ ಎತ್ತಿಯಾಗಿದೆ. ಟೋನ್ ಮೇಷ್ಟ್ರು ಗಾಬರಿಯಲ್ಲಿ ಗುಂಡಿಗಾಗಿ ತಡಕಾಡಿದರು, ಸಿಕ್ಕಿದ್ದು ಡೆಮೊ ಗುಂಡಿ. ಕಾರ್ಖಾನೆಯವರು ತುಂಬಿಕೊಟ್ಟಿದ್ದ ಡ್ಯಾನ್ಸ್ ಹಾಡು, ಡ್ರಮ್ಮು ಗಿಟಾರು ಸಮೇತ, ನಾಲ್ಕೂ ಹಾರ್ನ್‌ನಲ್ಲಿ ಮೊಳಗಿತು.

ವಿಶ್ವರೂಪ ನೋಡಲೆಂದು ಧೃತರಾಷ್ಟ್ರನಿಗೆ ಕ್ಷಣಕಾಲ ದೃಷ್ಟಿ ಬಂದ ಕತೆ ಭಾರತದಲ್ಲಿದೆ. ಅಂದು ರಾತ್ರಿ ಆತನಿಗೆ ದೃಷ್ಟಿ ಬಂದದ್ದು ಡೆಮೊ ಹಾಡಿಗೆ. ಎರಡೂ ಕಣ್ಣು ಬಿಟ್ಟು ಕೀಬೋರ್ಡಿನ ಕಡೆ ನೋಡಿದ. ಕೃಷ್ಣ ಎತ್ತಿದ ಕೈ ಇಳಿಸಲಿಲ್ಲ, ಎಮ್ಮೆಯ ದುಡ್ಡು ಅದು. ಕೈಮುಗಿದು ನಿಂತಿದ್ದ ವಿದುರ ತನಗೇ ತಿಳಿಯದೆ ತಾಳಕ್ಕೆ ಕಾಲು ಕುಣಿಸುತ್ತಿದ್ದುದು ಯಾರದೋ ಮೊಬೈಲಿನಲ್ಲಿ ಸೆರೆಯಾಯಿತು. ವಿದುರನ ಪಾರ್ಟು ಪಕ್ಕದ ಮನೆಯಾತನದು. ಇಪ್ಪತ್ತು ದಿನ ಬಾಯಿಪಾಠ ಮಾಡಿದ ಕಂದಪದ್ಯ ಯಾರಿಗೂ ನೆನಪಿಲ್ಲ, ಕಾಲು ಎಲ್ಲರಿಗೂ ನೆನಪಿದೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಟೋನ್ ಮೇಷ್ಟ್ರು ಮನೆಗೆ ಬಂದರು. ತಪ್ಪಾಯಿತು ಎನ್ನಬಹುದೆಂಬ ನಿರೀಕ್ಷೆ ಇತ್ತು. ‘ಆ ಡೆಮೊದೊಳಗಿನ ಬೇಸ್ ಟೋನು ಗಮನಿಸಿದ್ರಾ ಸಾ? ಚೆನ್ನಾಗದೆ’ ಎಂದರು.

ಉಳಿದ ಲಕ್ಷಣಗಳು ಸಣ್ಣವು. ಕೊಂಡದ್ದನ್ನು ಮಾರುವುದಿಲ್ಲ. ಇಸಕೊಂಡ ಸ್ಕ್ರೂಡ್ರೈವರು, ಸಾಲ್ಡರಿಂಗ್ ಕಡ್ಡಿ, ಎಕ್ಸ್‌ಟೆನ್ಷನ್ ಬಾಕ್ಸು ಹಿಂದಕ್ಕೆ ಬರುವುದಿಲ್ಲ. ತಬಲ ಢೋಲಕ್ ಎಲ್ಲ ತುಂಬಿಸಿಕೊಂಡೇ ಬರುವ ಹೊಸ ಮಾಡೆಲ್ಲುಗಳನ್ನು ‘ಇನ್‌ಸ್ಟಂಟ್ ಉಪ್ಪಿಟ್ಟು’ ಎನ್ನುತ್ತಾರೆ. ನಾಟಕದ ಸಂಭಾವನೆ ಕೇಳುವಾಗ ಇವರಷ್ಟು ಮೆತ್ತಗಿನವರಿಲ್ಲ, ಕಮಿಟಿಯವರು ಕೊಟ್ಟಷ್ಟು ಜೇಬಿಗಿಟ್ಟುಕೊಂಡು ತೆಂಗಿನಕಾಯಿ ಹಿಡಿದು ಬರುತ್ತಾರೆ.

ಸಂಗ್ರಹದ ನಡುಮಣಿ 1983ರ ಯಮಹಾ ಡಿಎಕ್ಸ್7, ಬೆಂಗಳೂರಿನ ಆರ್ಕೆಸ್ಟ್ರಾ ಒಂದರಿಂದ ಎಷ್ಟನೆಯದೋ ಕೈ ದಾಟಿ ಬಂದದ್ದು. ಆರು ಆಪರೇಟರು, ಮೂವತ್ತೆರಡು ಅಲ್ಗಾರಿದಂ. ಒಂದು ಟೋನ್ ತಿದ್ದಲು ಅಂಕಿಗಳನ್ನು ಒಂದೊಂದಾಗಿ ಬದಲಿಸಬೇಕು, ತಾಳ್ಮೆ ಇಲ್ಲದವರು ಮುಟ್ಟುವಂತಿಲ್ಲ. ಅದರ ನೆನಪಿನಲ್ಲಿ ಮೂವತ್ತೆರಡು ಟೋನುಗಳಿಗೆ ಜಾಗ, ಒಂದೊಂದರ ಹೆಸರಿಗೆ ಹತ್ತು ಅಕ್ಷರ. ಅದರಲ್ಲೊಂದಕ್ಕೆ ಇಂಗ್ಲಿಷ್ ಲಿಪಿಯಲ್ಲಿ ‘ಪೆಟ್ಟಿಗೆ’ ಎಂದು ಹೆಸರು. ಟೋನ್ ಮೇಷ್ಟ್ರಿಗೆ ಸರಿಗಮ ಕಲಿಸಿದ ಡ್ರಾಮಾ ಮೇಷ್ಟ್ರ ಹಾರ್ಮೋನಿಯಂ ಅದು. ಅವರು ತೀರಿಕೊಂಡ ಮೇಲೆ ಅಸಲು ಪೆಟ್ಟಿಗೆಯನ್ನು ಇಲಿ ತಿಂದವು. ಜೋಡಿ ರೀಡಿನ ಹಾರ್ಮೋನಿಯಂನಲ್ಲಿ ಒಂದು ರೀಡು ಸೆಕೆಂಡಿಗೆ 440 ಸಲ, ಜೊತೆಯದು 442 ಸಲ ಕಂಪಿಸಿದರೆ ನಾದ ಸೆಕೆಂಡಿಗೆರಡು ಸಲ ಅಲೆಯುತ್ತದೆ. ಪೆಟ್ಟಿಗೆಗೆ ಪ್ರಾಣ ಬರುವುದು ಆ ಅಲೆಯಿಂದ. ಆ ಅಲೆ, ತಿದಿಯ ಸಂದಿನಲ್ಲಿ ಸೋರುವ ಗಾಳಿ, ಮೇಲಿನ ಪಂಚಮ ಒತ್ತಿದರೆ ಕೊಂಚ ತಡವಾಗಿ ಏಳುವ ಬಗೆ, ಇಷ್ಟನ್ನು ಹಿಡಿಯಲು ಮೂರು ಮಳೆಗಾಲ ಹಿಡಿಯಿತು. ಗೋಡೆಯಾಚೆ ಆ ಮೂರೂ ಮಳೆಗಾಲ ನಿದ್ದೆ ಸರಿಯಾಗಿ ಬಂದಿಲ್ಲ.

ಡಿಎಕ್ಸ್7ನ ನೆನಪನ್ನು ಕಾಯುವುದು ಒಳಗೆ ಬೆಸುಗೆ ಹಾಕಿದ ಸಿಆರ್2032 ಎಂಬ ಬಿಲ್ಲೆ ಸೆಲ್ಲು. ಕಳೆದ ಶ್ರಾವಣದಲ್ಲಿ ಅದು ಸತ್ತಿತು. ಮೂವತ್ತೆರಡೂ ಟೋನುಗಳು ಹೋದವು. ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳಷ್ಟೇ ಉಳಿದವು. ಎರಡು ದಿನ ಅಟ್ಟದಿಂದ ಸದ್ದಿಲ್ಲ. ಮೂರನೆಯ ದಿನ ಪಕ್ಕದ ಮನೆಯಾತನೇ ಏಣಿ ಹತ್ತಿ, ಯಾಕೆ ಸದ್ದಿಲ್ಲವೆಂದು ವಿಚಾರಿಸಿದ್ದನ್ನು ಇಲ್ಲಿ ದಾಖಲಿಸಬೇಕು. ಅಂಕಿಗಳನ್ನು ಬರೆದಿಟ್ಟಿರಲಿಲ್ಲ. ಆ ರಾತ್ರಿಯಿಂದಲೇ ಮತ್ತೆ ಒಂದೇ ಸ್ವರ, ಒಂದೆಳೆ ಹೆಚ್ಚು, ಒಂದೆಳೆ ಕಡಿಮೆ. ಈ ಸಲ ‘ಈಗ?’ ಎಂದದ್ದಕ್ಕೆ ಗೋಡೆಯಾಚೆಯಿಂದ ‘ಇನ್ನೂ ಗಾಳಿ ಸಾಲದು’ ಎಂಬ ಉತ್ತರ ಬಂದದ್ದೂ ಉಂಟು. ಸತ್ತ ಸೆಲ್ಲಿನ ಬೆಸುಗೆ ಬಿಚ್ಚಿ ಹೋಲ್ಡರ್ ಕೂರಿಸಿದ್ದಾಗಿದೆ, ಮುಂದಿನ ಸಲ ಬದಲಿಸುವುದು ಸುಲಭ. ಹೊಸ ಸೆಲ್ಲು ತರಲು ಮಂಡ್ಯಕ್ಕೆ ಹೋಗಬೇಕಾಗಲಿಲ್ಲ. ಪಕ್ಕದ ಮನೆಯ ತೂಕ ನೋಡುವ ಯಂತ್ರ ಅಂದಿನಿಂದ ಅಂಕಿ ತೋರಿಸುತ್ತಿಲ್ಲ.