ಯಾರ ಬಣ್ಣದ ದಾರ?

ಸೊಲ್ಲಾಪುರದ ಚಾದರಕ್ಕೆ ದಾರದ ಬಣ್ಣದ ಚಿಂತೆಯಿಲ್ಲ. ಮಗ್ಗ ಏರುವ ಮೊದಲೇ ನೂಲಿಗೆ ಬಣ್ಣ ಹತ್ತಿರುತ್ತದೆ. ಪಜೀತಿಯೆಲ್ಲ ಅಕ್ಕಲಕೋಟೆಯ ಕೌದಿಯದು. ಅತ್ತೆಯ ಇಳಕಲ್ ಸೀರೆ, ಮಾವನ ಧೋತರ, ಮಗಳ ಲಂಗ ಒಂದರಲ್ಲೇ ಕೂಡಿದರೆ ಮಷಿನ್ ಕಸೂತಿಗೆ ಯಾರ ಬಣ್ಣದ ದಾರ? ಮಾವನ ಪಕ್ಷ ಹಿಡಿದರೆ ಅತ್ತೆಗೆ ಸಿಟ್ಟು!

ಅಂಗಡಿಯಲ್ಲಿ ರಾಣಿ, ಚಿಂತಾಮಣಿ, ಗಿಣಿಹಸಿರು ರೀಲುಗಳು ಕಣ್ಣು ಹೊಡೆಯುತ್ತವೆ. ರೀಲಿನಲ್ಲಿ ಗಾಢವಾಗಿ ಕಂಡದ್ದು ಒಂಟಿ ಎಳೆಯಾದಾಗ ತಿಳಿಯಾಗುತ್ತದೆ. ಬಲ್ಲವರು ಗೇಣುದ್ದ ದಾರ ಬಿಚ್ಚಿ ಬಟ್ಟೆಯ ಮೇಲಿಟ್ಟು, ಟ್ಯೂಬ್‌ಲೈಟನ್ನು ನಂಬದೆ ಬಿಸಿಲಿಗೆ ಬರುತ್ತಾರೆ.

“ಅಕ್ಕಾರ, ಇದು ಡಿಟ್ಟೋ ಮ್ಯಾಚ್ ನೋಡ್ರಿ.”

“ಡಿಟ್ಟೋ ಆದ್ರ ಹೂವು ಕಾಣೂದು ಹೆಂಗಪಾ? ಹಾಕಿದ ರೊಕ್ಕರೆ ಕಾಣಬೇಕಲ್ಲ! ಒಂದು ಕಲರ್ ಡಾರ್ಕ್ ಕೊಡು.”